ತಳದ ನೀರು

ಕುಂಬಳೆಯ ಆ ಸಣ್ಣ ಕ್ಲಿನಿಕ್ಕಿನ ಬೆಂಚಿನಲ್ಲಿ ಉಮ್ಮನ ಪಕ್ಕ ಕೂತಿದ್ದ ಫಸೀಲಾಳಿಗೆ ಎಕ್ಸ್‌ರೇ ಕೋಣೆಯ ಒಳಗಿನಿಂದ ಕೇಳಿದ್ದು ಮೂರೇ ಮಾತು. "ಉಸಿರು ಎಳ್ಕೊಳ್ಳಿ. ಹಿಡೀರಿ. ಬಿಡಿ." ಕೊನೆಯ ಮಾತನ್ನು ಆ ದನಿ ಒಂದು ಗೇಣು ಉದ್ದಕ್ಕೆ ಎಳೆದಿತ್ತು. ಅಷ್ಟು ಸಾಕಾಯಿತು. ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದ ಉಮ್ಮನ ಮಣಿಕಟ್ಟು ಮುರಿದಿದೆಯೋ ಬರೀ ಉಳುಕಿದೆಯೋ ಎಂದು ಬೆಳಗ್ಗೆಯಿಂದ ಕೊರೆಯುತ್ತಿದ್ದ ಚಿಂತೆ ಹಿಂದೆ ಸರಿದು, ಬಾಗಿಲು ತೆರೆದಾಗ ಕಾಣುವ ಮುಖ ಸುಕುಮಾರನದಾಗಿರಬಾರದು ಎಂಬ ಬೇಡಿಕೆ ಮುಂದೆ ಬಂದು ಕೂತಿತು. ಅವನದೇ ಎಂದು ಅವಳಿಗೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಒಬ್ಬ ಪ್ರೊಫೆಸರರ ಕೋಣೆಯಲ್ಲಿ ಅವಳು ಆಡಬೇಕಾಗಿದ್ದ ಒಂದು ಮಾತು, "ಆ ತಪ್ಪು ಅವನದ್ದಲ್ಲ, ನನ್ನದು" ಎಂಬ ನಾಲ್ಕೇ ಪದದ ಮಾತು, ಗಂಟಲಿನಿಂದ ಮೇಲೂ ಬರದೆ ಕೆಳಗೂ ಇಳಿಯದೆ ನುಂಗಲಾರದ ತುತ್ತಾಗಿ ಉಳಿದಿತ್ತು. ಅವನು ಊರಿಗೆ ಬಂದು ಎಲ್ಲೋ ಸ್ಕ್ಯಾನಿಂಗಿನವರಲ್ಲಿ ಇದ್ದಾನಂತೆ ಎಂದು ಯಾರೋ ಹೇಳಿದ್ದರು. ಎಲ್ಲಿ ಎಂದು ಅವಳು ಕೇಳಿರಲಿಲ್ಲ. ಕೇಳದೆ ಇದ್ದದ್ದೇ ಒಂದು ಜಾಣತನ ಎಂದುಕೊಂಡಿದ್ದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಅವಳಂಥವರಿಗಾಗಿಯೇ ಹುಟ್ಟಿದ್ದು. ಅವಳ ಮೊಗ್ರಾಲಿಗೂ ಅವನ ವರ್ಕಾಡಿಗೂ ನಡುವೆ ಇರುವುದು ಎರಡು ಬಸ್ಸಿನ ದಾರಿ.

ಉಮ್ಮ ಕುಂಞಾಮಿನ ಬೈರಾಸಿನಲ್ಲಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದ ಹೆಂಗಸಿಗೆ ಬಿದ್ದ ಕತೆಯನ್ನು ಎರಡನೆಯ ಸಲ ಹೇಳುತ್ತಿದ್ದರು. ಸಾಬೂನು ನೆಲದಲ್ಲಿತ್ತು ಎನ್ನುವಾಗ ಮಗಳ ಕಡೆ ಒಂದು ನೋಟ ಎಸೆದರು. ಹೌದು, ಸಾಬೂನು ನೆಲದಲ್ಲಿಟ್ಟದ್ದು ತಾನೇ ಎಂದು ಫಸೀಲಾ ಅಂದುಕೊಂಡಳು. ಇಂಥ ಸಣ್ಣ ತಪ್ಪನ್ನು ಒಪ್ಪಿಕೊಳ್ಳುವುದರಲ್ಲಿ ಅವಳು ಯಾವಾಗಲೂ ಮುಂದು. ಕಾಲೇಜಿನಲ್ಲಿ ಬೋರ್ಡಿನ ಮೇಲೆ ಒಂದು ಸಮೀಕರಣ ತಪ್ಪಿದರೆ ಮಕ್ಕಳೆದುರೇ ನಕ್ಕು "ನನ್ನದೇ ತಪ್ಪು" ಎನ್ನುತ್ತಾಳೆ. ಫಸೀಲಾ ಮೇಡಂ ಎಷ್ಟು ಸರಳ ಎಂದು ಮಕ್ಕಳು ಹೇಳುವುದೂ ಅವಳಿಗೆ ಗೊತ್ತುಂಟು. ಚಿಲ್ಲರೆ ಕೊಟ್ಟು ಕೊಟ್ಟು ನೋಟನ್ನು ಬಚ್ಚಿಟ್ಟುಕೊಂಡಿರುವುದು ಅವಳಿಗೊಬ್ಬಳಿಗೆ ಗೊತ್ತು.

ಸುಕುಮಾರ ಮೊದಲು ಸಿಕ್ಕಿದ್ದು ಉತ್ತರಕ್ಕೆ ಹೋಗುವ ಮಂಗಳಾ ರೈಲಿನಲ್ಲಿ, ಇಬ್ಬರೂ ಒಂದೇ ಲ್ಯಾಬಿಗೆ ಸಂಶೋಧನೆಗೆ ಸೇರಲು ಹೊರಟಿದ್ದಾಗ, ಅದು ಪರಸ್ಪರ ಗೊತ್ತಿಲ್ಲದೆ. ಮೇಲಿನ ಬರ್ತಿನಿಂದ ಒಂದು ಕೈ ಕೆಳಗೆ ಇಳಿದು, "ನೀರು ಉಂಟಾ ಸ್ವಲ್ಪ?" ಎಂದು ಊರ ಕನ್ನಡದಲ್ಲಿ ಕೇಳಿತ್ತು. ಕನ್ನಡ ಶಾಲೆಯಲ್ಲಿ ಓದಿ, ಮಲಯಾಳದಲ್ಲಿ ಬಂದ ಸರಕಾರಿ ಕಾಗದಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ, ಇಂಗ್ಲಿಷಿನಲ್ಲಿ ತೊದಲುತ್ತ ಉತ್ತರದ ಆ ಒಣ ಊರಿಗೆ ಹೋದ ಇಬ್ಬರು ಕಾಸರಗೋಡಿನವರು. ಅಲ್ಲಿ ಒಬ್ಬರಿಗೊಬ್ಬರು ಊರಾದರು. ಹಾಸ್ಟೆಲಿನ ರೊಟ್ಟಿ ತಿಂದು ನಾಲಿಗೆ ಸತ್ತಾಗ ಅವನು ಲ್ಯಾಬಿನ ಹಿಂದಿನ ವರಾಂಡದಲ್ಲಿ ಕರೆಂಟಿನ ಒಲೆಯ ಮೇಲೆ ಗಂಜಿ ಬೇಯಿಸುತ್ತಿದ್ದ. ಅವಳು ಉಮ್ಮ ಕಳಿಸಿದ ಮೀನಿನ ಉಪ್ಪಿನಕಾಯಿ ತರುತ್ತಿದ್ದಳು. ಕುಚ್ಚಲಕ್ಕಿ ಮುಗಿದ ತಿಂಗಳಲ್ಲಿ ಇಬ್ಬರೂ ಜಗಳ ಆಡುತ್ತಿದ್ದರು. ಅವನ ತಾಯಿ ಅಮ್ಮಣಿ ವರ್ಕಾಡಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಬೀಡಿ ಕೊಳ್ಳುವ ಬ್ರಾಂಚಿನ ಚೆಕ್ಕರ್ ಕಟ್ಟು ಬಿಚ್ಚಿ ನೋಡಿ, ಒಂದು ಬೀಡಿಯ ಮೂತಿ ಸರಿ ಮಡಚದಿದ್ದರೂ ಎತ್ತಿ ಬಿಸಾಡುತ್ತಿದ್ದುದನ್ನು ಅವನು ನಟಿಸಿ ತೋರಿಸುತ್ತಿದ್ದ. "ನನ್ನ ಅಮ್ಮನದ್ದು ಒಂದೂ ಬಿಸಾಡ್ಲಿಲ್ಲ ಮಾರಾಯ್ತಿ, ಇಪ್ಪತ್ತು ವರ್ಷದಲ್ಲಿ ಒಂದೂ" ಎನ್ನುವಾಗ ಅವನ ಮುಖ ನೋಡಬೇಕಿತ್ತು. ಆ ಮುಖವನ್ನು ನೆನೆದರೆ ಫಸೀಲಾಳಿಗೆ ಈಗಲೂ ಆ ವರಾಂಡಕ್ಕೆ ಹೋಗಿ ಕುಳಿತುಬಿಡಬೇಕು ಎನಿಸುತ್ತದೆ. ಮದುವೆ, ಮಗಳು, ಶಾರ್ಜಾದಲ್ಲಿ ದುಡಿಯುವ ಒಳ್ಳೆಯ ಗಂಡ, ಎಲ್ಲ ಬಂದ ಮೇಲೂ ಆ ಗಂಜಿಯಷ್ಟು ರುಚಿಯಾದದ್ದನ್ನು ತಾನು ತಿಂದಿಲ್ಲ ಎಂದು ಅವಳಿಗೆ ಅನಿಸಿದ್ದುಂಟು, ಅನಿಸಿದ್ದಕ್ಕೆ ನಾಚಿಕೆಯೂ ಆದದ್ದುಂಟು.

ಬಾಗಿಲು ತೆರೆಯಿತು. ಅವನೇ. ತಲೆಯ ಮುಂಭಾಗ ಬೋಳಾಗಿತ್ತು, ಕನ್ನಡಕ ಬಂದಿತ್ತು, ನೀಲಿ ಅಂಗಿಯ ಕಿಸೆಯಲ್ಲಿ ಎರಡು ಪೆನ್ನು. ಚೀಟಿ ನೋಡಿ "ಕುಂಞಾಮಿನ" ಎಂದು ಕರೆದ. ಕಣ್ಣೆತ್ತಿದಾಗ ಫಸೀಲಾ ಎದ್ದು ನಿಂತಿದ್ದಳು. ಒಂದು ಕ್ಷಣ ಅವನ ಮುಖದಲ್ಲಿ ಏನೂ ಆಗಲಿಲ್ಲ, ಆಮೇಲೆ ಎಲ್ಲವೂ ಒಟ್ಟಿಗೆ ಆಯಿತು.

"ನೀವು," ಎಂದ. "ಉಮ್ಮನಿಗಾ? ಬನ್ನಿ ಬನ್ನಿ, ಒಳಗೆ ಬನ್ನಿ."

ನೀವು. ಗಂಜಿಯ ಪಾತ್ರೆಗಾಗಿ ಕೈ ಕೈ ಎಳೆದಾಡಿದವನು. ಫಸೀಲಾಳ ಕೆನ್ನೆ ಬಿಸಿಯಾಯಿತು. ಉಮ್ಮನಿಗೆ ಅದೆಲ್ಲ ಎಲ್ಲಿ? ಅವರು ಅವನ ಮುಖಕ್ಕೆ ಮುಖ ಕೊಟ್ಟು ನೋಡಿ, "ಓ, ಇವ ಆ ವರ್ಕಾಡಿಯವ ಅಲ್ವಾ ಮೋಳೇ? ನಾನು ನಿನಗೆ ಕಳಿಸಿದ ಉಪ್ಪಿನಕಾಯಿ ದಾರಿಯಲ್ಲೇ ಅರ್ಧ ಮುಗಿಸಿದವ?" ಎಂದರು.

"ಅರ್ಧ ಅಲ್ಲ ಉಮ್ಮಾ, ಕಾಲು," ಎಂದ ಸುಕುಮಾರ. "ಇಲ್ಲಿ ಕೂತ್ಕೊಳ್ಳಿ. ಕೈ ಹೀಗೆ ಇಡಿ. ನೋವಾದ್ರೆ ಹೇಳಿ, ನಿಧಾನ ಮಾಡುವಾ." ಅವನು ಉಮ್ಮನ ಊದಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಇಳಿಸಿದ ರೀತಿಯನ್ನು ಫಸೀಲಾ ಬಾಗಿಲಲ್ಲಿ ನಿಂತು ನೋಡಿದಳು. ಗಾಜಿನ ಕೂದಲೆಳೆಯಂಥ ನಳಿಗೆಗೆ ಒಂದು ಹನಿ ನೀರು ತುಂಬಿಸುವಾಗಲೂ ಅವನ ಕೈ ಹೀಗೇ ಇಳಿಯುತ್ತಿತ್ತು. ಆ ಹನಿಯಲ್ಲಿ ಅವರು ಅಭ್ಯಸಿಸುತ್ತಿದ್ದ ಜೀವಕೋಶದ ಅಣು, ಆರ್‌ಎನ್‌ಎ ಇರುತ್ತಿತ್ತು. ಪೋಣಿಸದೆ ಬಿಟ್ಟ ದಾರದ ಹಾಗೆ ನೀರಿನಲ್ಲಿ ತೇಲುವ ಉದ್ದನೆಯ ಸರಪಣಿ. ನೀರಿಗೆ ಚಿಟಿಕೆ ಮೆಗ್ನೀಸಿಯಂ ಬಿದ್ದರೆ ಸಾಕು, ತನ್ನನ್ನು ತಾನೇ ಮಡಚಿಕೊಂಡು ಒಂದು ಗಂಟಾಗಿ, ಆಕಾರವಾಗಿ ಕೂರುತ್ತದೆ. ಕಣ್ಣಿಗಾಗಲಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕಾಗಲಿ ಅದು ನೀರಿನಲ್ಲಿ ಹಾಗೆ ಮಡಚಿಕೊಳ್ಳುವುದು ಕಾಣದು. ವರ್ಷಕ್ಕೊಮ್ಮೆ ಮೂರು ದಿನ ಅವರಿಗೆ ದೊಡ್ಡ ಯಂತ್ರ ಸಿಗುತ್ತಿತ್ತು. ಒಂದು ಹಳ್ಳಿಯಷ್ಟು ಅಗಲದ ಉಂಗುರದಲ್ಲಿ ಸುತ್ತುವ ಎಲೆಕ್ಟ್ರಾನುಗಳಿಂದ ಎಕ್ಸ್‌ ಕಿರಣದ ಒಂದು ಸಪೂರ ಕೋಲನ್ನು ಕಡೆದು ತೆಗೆದು ಆ ಹನಿಯ ಮೂಲಕ ಹಾಯಿಸಿದರೆ, ಆಚೆ ಬದಿ ಚದುರಿದ ಕಿರಣದಿಂದ ದಾರ ಬಿಚ್ಚಿದೆಯೋ ಗಂಟಾಗಿದೆಯೋ ಎಂದು ಲೆಕ್ಕ ಹಾಕಬಹುದು. ಆದರೆ ನೀರೂ ಕಿರಣವನ್ನು ಚದುರಿಸುತ್ತದೆ. ಅದಕ್ಕೇ ಬರೀ ನೀರನ್ನೂ ಬೇರೆಯಾಗಿ ಅಳೆದು, ಅದನ್ನು ಇದರಿಂದ ಕಳೆಯಬೇಕು. ನೀರು ಕಳೆದು ಉಳಿದದ್ದು ಅಣು. "ನಮ್ಮದು ನೀರು ಕಳೆಯುವ ಕೆಲಸ," ಎಂದು ಸುಕುಮಾರ ತಾಯಿಗೆ ಫೋನಿನಲ್ಲಿ ಹೇಳುತ್ತಿದ್ದ. ಅದಕ್ಕೆ ಅಷ್ಟು ದೂರ ಹೋಗಬೇಕಾ ಎಂದು ಅವರು ಕೇಳುತ್ತಿದ್ದರಂತೆ.

"ಅಲ್ಲಾಡಬೇಡಿ ಉಮ್ಮಾ," ಎಂದು ಅವನು ಗಾಜಿನ ಕಿಂಡಿಯ ಹಿಂದೆ ಹೋದ. ಫಸೀಲಾಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ. ಮತ್ತೆ ತೆರೆದು, ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ನೋಡಿ, ಮತ್ತೆ ಹಾಕಿದ.

ಬೆಂಚಿಗೆ ಮರಳಿದ ಅವಳು ತನ್ನ ಬಲಗೈ ನೋಡಿಕೊಂಡಳು. ಈ ಕೈಯದೇ ಕೆಲಸ. ಮೊಗ್ರಾಲಿನ ಮನೆಯ ಅಡುಗೆ ಕೋಣೆಯಲ್ಲಿ ಈ ಕೈ ಕಲಿತ ಮೊದಲ ಪಾಠ, ಯಾವ ಪಾತ್ರೆಯ ತಳವನ್ನೂ ಕಾಣಿಸಬಾರದು ಎಂಬುದು. ಅಕ್ಕಿಯ ಡಬ್ಬದಲ್ಲಿ ಒಂದು ಮುಷ್ಟಿ, ಎಣ್ಣೆಯ ಕುಪ್ಪಿಯಲ್ಲಿ ಒಂದು ಬೆರಳು, ಕುಡಿಯುವ ನೀರಿನ ಕೊಡದಲ್ಲಿ ಎರಡು ಬೆರಳು ಉಳಿಸಿ, ಅದರ ಮೇಲೇ ಹೊಸದನ್ನು ತುಂಬಬೇಕು. "ಪೂರ ಬರಿದು ಮಾಡಬೇಡ ಮೋಳೇ, ಬರ್ಕತ್ ಹೋಗ್ತದೆ," ಎನ್ನುತ್ತಿದ್ದರು ಉಮ್ಮ; ಮನೆಯ ಏಳಿಗೆಗೆ ಅವರ ಮಾತು ಅದು. ಬೇಸಗೆಯಲ್ಲಿ ಹೊಳೆಯ ಬಾಯಿಂದ ಉಪ್ಪು ನುಗ್ಗಿ ಬಾವಿಯ ನೀರು ಬಾಯಿಗೆ ಹಾಕಲಾಗದಂತಾದಾಗ, ಮೇಲಿನ ಮನೆಯಿಂದ ಹೊತ್ತು ತಂದ ಸಿಹಿನೀರಿನ ಕೊಡವನ್ನು ಕೂಡ ಅವರು ಹೀಗೇ ತುಂಬಿಸುತ್ತಿದ್ದರು, ಹಳೆಯದರ ಮೇಲೆ ಹೊಸದು. ಎಷ್ಟು ಚೆನ್ನಾಗಿತ್ತು ಆ ಮಾತು. ಏನೇ ಬರಲಿ, ತಳದಲ್ಲಿ ನಿನ್ನೆಯದು ಸ್ವಲ್ಪ ಇದ್ದೇ ಇರುತ್ತದೆ ಎಂಬ ಧೈರ್ಯದಲ್ಲಿ ಒಂದು ಬಾಲ್ಯವೇ ಕಳೆದುಹೋಯಿತು. ಲ್ಯಾಬಿಗೆ ಸೇರಿದ ಮೇಲೆ ಬರಿದು ಮಾಡಿ, ಮೂರು ಸಲ ತೊಳೆದು ತುಂಬಬೇಕೆಂದು ಕಲಿತಳು, ಕಲಿಸಿದಳು ಕೂಡ. ಆದರೆ ಅದು ತಲೆ ಕಲಿತದ್ದು, ಕೈ ಕಲಿತದ್ದಲ್ಲ. ಯಂತ್ರ ಸಿಕ್ಕಿದ ಮೂರನೆಯ ದಿನದ ಬೆಳಗ್ಗೆ, ನಿದ್ದೆ ಇಲ್ಲದೆ ಕಣ್ಣು ಉರಿಯುತ್ತಿದ್ದಾಗ, ಮೆಗ್ನೀಸಿಯಂ ಇಲ್ಲದ ನೀರಿನ ಕುಪ್ಪಿಯ ಮುಚ್ಚಳ ಒಡೆಯಿತು, ಬೇರೆ ಖಾಲಿ ಕುಪ್ಪಿ ಇರಲಿಲ್ಲ. ಸುಕುಮಾರ ಬೆಂಚಿನಲ್ಲಿ ಮುದುಡಿ ಮಲಗಿದ್ದ. ಆ ನೀರನ್ನು ಅವನೇ ದೊಡ್ಡ ಕ್ಯಾನಿನಲ್ಲಿ ಅಳತೆ ಹಾಕಿ ಮಾಡಿಟ್ಟಿದ್ದ, ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದ. ಅವನನ್ನು ಎಬ್ಬಿಸುವುದು ಬೇಡ ಎಂದು ಅವಳು ಮೆಗ್ನೀಸಿಯಂ ನೀರು ಇದ್ದ ಕುಪ್ಪಿಯನ್ನು ಬಗ್ಗಿಸಿದಳು, ಕೈ ತಾನಾಗಿ ಎರಡು ಬೆರಳಿಗೆ ನಿಂತಿತು, ಅದರ ಮೇಲೆ ಕ್ಯಾನಿನ ನೀರು ತುಂಬಿಸಿದಳು, ಅವನ ಚೀಟಿ ಅಂಟಿಸಿದಳು. ನೀರಿನಲ್ಲಿ ಏನು ಕಾಣುತ್ತದೆ? ಆ ನೀರಿನಲ್ಲಿಯೇ ಆರ್‌ಎನ್‌ಎಯನ್ನು ನೆನೆಸಿದರು, ಆ ನೀರನ್ನೇ ಅಳೆದು ಕಳೆದರು. ಎಲ್ಲ ಸರಿಯಾಗಿ ಹೊಂದಿತು. ಪರದೆಯ ಮೇಲೆ, ಮೆಗ್ನೀಸಿಯಂ ಇಲ್ಲದೆಯೂ ಆರ್‌ಎನ್‌ಎ ಗಂಟಾಗಿ ಕೂತಿತ್ತು.

ಆ ಖುಷಿಯನ್ನು ಏನೆನ್ನುವುದು. ಸುಕುಮಾರ ಎದ್ದು ಕಣ್ಣುಜ್ಜಿ ಪರದೆ ನೋಡಿ, ಅವಳ ಹೆಗಲು ಹಿಡಿದು ಅಲ್ಲಾಡಿಸಿ, "ಎಂತ ಮಾರಾಯ್ತಿ ಇದು, ಎಂತ ಇದು" ಎಂದದ್ದು; ಇಬ್ಬರೂ ಕ್ಯಾಂಟೀನಿಗೆ ಓಡಿ ಜಿಲೇಬಿ ತಿಂದದ್ದು; ಲೋಕದಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಕಾಸರಗೋಡಿನ ಇಬ್ಬರಿಗೆ ಗೊತ್ತು ಎಂಬ ಜಂಬದಲ್ಲಿ ಆ ಒಣ ಊರಿನ ಬೇವಿನ ಮರಗಳೂ ಚಂದ ಕಂಡದ್ದು. ಸುಳ್ಳಿನ ಖುಷಿಯೇ ಇರಬಹುದು, ಆದರೆ ಖುಷಿ ಸುಳ್ಳಾಗಿರಲಿಲ್ಲ. ಪ್ರೊಫೆಸರ್ ಹರಿನಾರಾಯಣ ಅದನ್ನು ದೊಡ್ಡ ಸಮ್ಮೇಳನದಲ್ಲಿ ಹೇಳಿಬಂದರು. ನಾಲ್ಕು ತಿಂಗಳಲ್ಲಿ ಬೇರೆಡೆಯವರು ಮಾಡಿ ನೋಡಿ, ನಮಗೆ ಹಾಗೆ ಬರುವುದಿಲ್ಲ ಎಂದರು. ಇವರೇ ಮತ್ತೆ ಮಾಡಿದಾಗ ಇವರಿಗೂ ಬರಲಿಲ್ಲ. ಹರಿನಾರಾಯಣ ಕೆಟ್ಟವರಲ್ಲ, ಅವರು ಕೂಗಲೂ ಇಲ್ಲ. ಪುಸ್ತಕ ಬಿಡಿಸಿಟ್ಟು, ಇಬ್ಬರನ್ನೂ ಎದುರಿಗೆ ನಿಲ್ಲಿಸಿ, "ಈ ಕುಪ್ಪಿಯ ನೀರು ಯಾರದು?" ಎಂದು ಇಂಗ್ಲಿಷಿನಲ್ಲಿ ಕೇಳಿದರು ಅಷ್ಟೆ. ಆ ಗಳಿಗೆಯಲ್ಲಿಯೇ ಫಸೀಲಾಳ ಅಂಗೈಗೆ, ಬಗ್ಗಿಸಿದ ಕುಪ್ಪಿಯ ತಳದಲ್ಲಿ ಉಳಿದ ಮೆಗ್ನೀಸಿಯಂ ನೀರಿನ ಭಾರ ನೆನಪಾಯಿತು. ಬಾಯಿ ತೆರೆಯಲು ಒಂದು ನಿಮಿಷ ಇತ್ತು, ಪೂರಾ ಒಂದು ನಿಮಿಷ. ಪ್ರಬಂಧ ಒಪ್ಪಿಸಲು ಎರಡು ತಿಂಗಳು, ಊರಲ್ಲಿ ನಿಶ್ಚಿತಾರ್ಥ, ಇಷ್ಟಕ್ಕೂ ಅವನಿಗೆ ಒಂದು ಬೈಗುಳ ಬೀಳಬಹುದು ಅಷ್ಟೇ ತಾನೆ ಎಂದು ಅವಳು ಲೆಕ್ಕ ಹಾಕುತ್ತಿದ್ದಳು. "ನಾನೇ ಸಾರ್," ಎಂದ ಸುಕುಮಾರ, "ತೂಕ ಹಾಕುವಾಗ ತಪ್ಪಿರಬೇಕು." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕದ್ದವಳು ಸುಮ್ಮನೆ ನಿಂತಳು, ಕದಿಯದವನು ಹೆಗಲು ಮುಟ್ಟಿಕೊಂಡ. ಅವನ ಫೆಲೋಶಿಪ್ಪು ಆ ವರ್ಷ ಮುಂದುವರಿಯಲಿಲ್ಲ. ಸ್ಟೇಷನ್ನಿಗೆ ಬಿಡಲು ಹೋದವಳು ಅವನಿಗೆ ಎರಡು ಪ್ಯಾಕೆಟು ಬಿಸ್ಕತ್ತು ಕೊಡಿಸಿದಳು. ಅದನ್ನು ನೆನೆದಾಗ ಮಾತ್ರ ಈಗಲೂ ಅವಳು ಒಬ್ಬಳೇ ಇದ್ದರೂ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಬಾಗಿಲು ತೆರೆದು ಉಮ್ಮ ಹೊರಗೆ ಬಂದರು. "ಎಂತದೂ ಗೊತ್ತೇ ಆಗ್ಲಿಲ್ಲ," ಎಂದು ಬೆಂಚಿನ ಹೆಂಗಸಿಗೆ ವರದಿ ಒಪ್ಪಿಸಿದರು. ಫಸೀಲಾ ಎದ್ದು ಒಳಗೆ ಹೋದಳು. ಹೋಗಬೇಕೆಂದು ನಿರ್ಧಾರ ಮಾಡಿದ್ದೇನೂ ಅಲ್ಲ, ಕಾಲು ಹೋಯಿತು. ಸುಕುಮಾರ ಕಂಪ್ಯೂಟರಿನ ಎದುರು ಕೂತಿದ್ದ. ಉಮ್ಮನ ಕೈ ಅಲ್ಲಿ ಬೆಳ್ಳಗೆ ಬಂದಿತ್ತು.

"ಸಣ್ಣ ಬಿರುಕು," ಎಂದ. "ಇಲ್ಲಿ, ಕಾಣ್ತದಾ? ಡಾಕ್ಟ್ರು ಪ್ಲಾಸ್ಟರ್ ಹಾಕಬಹುದು. ಹೆದರ್ಲಿಕ್ಕೆ ಎಂತದೂ ಇಲ್ಲ. ನೀವು ಈಗ ಕಾಸರಗೋಡಿನಲ್ಲಿ ಪಾಠ ಮಾಡೋದಲ್ವಾ? ಯಾರೋ ಹೇಳಿದ್ರು."

"ಸುಕುಮಾರ, ಆ ಕುಪ್ಪಿಗೆ ನೀರು ತುಂಬಿಸಿದ್ದು ನಾನು."

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಯಾವ ಕುಪ್ಪಿ ಎಂದು ಕೇಳಲಿಲ್ಲ. ಅದರಿಂದಲೇ ಫಸೀಲಾಳಿಗೆ ತಿಳಿಯಿತು, ಈ ಹನ್ನೊಂದು ವರ್ಷದಲ್ಲಿ ಅವನ ಬದುಕಿನಲ್ಲಿ ಇದ್ದದ್ದೂ ಆ ಒಂದೇ ಕುಪ್ಪಿ. ಅವಳು ಹೇಳಿದಳು. ಒಡೆದ ಮುಚ್ಚಳ, ಅವನ ನಿದ್ದೆ, ಎರಡು ಬೆರಳು ನೀರು, ಬರ್ಕತ್ತಿನ ಅಭ್ಯಾಸ, ಹರಿನಾರಾಯಣರ ಕೋಣೆಯ ಒಂದು ನಿಮಿಷ. ಎಲ್ಲಿಯೂ ಅಳಬಾರದು, ಅತ್ತರೆ ಸಮಾಧಾನ ಹೇಳುವ ಕೆಲಸವೂ ಅವನ ತಲೆಗೇ ಬೀಳುತ್ತದೆ ಎಂದು ಹಲ್ಲು ಕಚ್ಚಿ ಹೇಳಿದಳು. "ನಿನ್ನ ತೂಕ ಸರಿಯಾಗಿಯೇ ಇತ್ತು," ಎಂದು ಮುಗಿಸಿದಳು. ಆಚೆ ಉಮ್ಮ ಸಾಬೂನಿನ ವಿಷಯಕ್ಕೆ ಮರಳಿದ್ದು ಕೇಳುತ್ತಿತ್ತು.

"ಸರಿಯಾಗಿ ಇತ್ತು," ಎಂದ ಅವನು, ತನಗೇ ಹೇಳಿಕೊಂಡ ಹಾಗೆ. ಕನ್ನಡಕ ತೆಗೆದು ಅಂಗಿಗೆ ಒರೆಸಿದ. ಬಹಳ ಹೊತ್ತು ಒರೆಸಿದ. "ನಾನು ಊರಿಗೆ ಬಂದ ಮೇಲೂ ಎಷ್ಟು ಸಲ ಆ ತೂಕ ಹಾಕಿದ್ದೇನೆ ಗೊತ್ತುಂಟಾ? ಮನಸ್ಸಿನಲ್ಲಿ. ಯಾವುದರಲ್ಲಿ ತಪ್ಪಿದೆ ಅಂತ. ಬಸ್ಸಿನಲ್ಲಿ ಕೂತ್ರೆ ಅದೇ."

"ಬೈ ನನಗೆ."

"ಬೈದು ಎಂತ ಮಾಡ್ಲಿ." ಅವನ ದನಿಯಲ್ಲಿ ಸಿಟ್ಟು ಹುಡುಕಿದಳು, ಸಿಗಲಿಲ್ಲ, ಸಿಕ್ಕಿದ್ದರೆ ಹಗುರವಾಗುತ್ತಿತ್ತು. "ನನ್ನದು ಹೋಗ್ಲಿ ಫಸೀಲಾ. ಈ ಕೆಲಸ ನನಗೆ ಇಷ್ಟ ಉಂಟು, ಸುಳ್ಳು ಹೇಳೋದಲ್ಲ. ಅಮ್ಮನದ್ದು ಎಂತ ಮಾಡುವುದು ಹೇಳು. ಊರಿಗೆ ಬಂದ ದಿನ ಅಮ್ಮ ಕೇಳಿದ್ರು, ಯಾಕೆ ಬಿಟ್ಟದ್ದು ಅಂತ. ನನ್ನ ಕೈ ತಪ್ಪಿತು ಅಂತ ಹೇಳಿದೆ. ಅಷ್ಟೇ. ಒಂದು ಮಾತು ಬೈಲಿಲ್ಲ ಅವ್ರು. ಆದ್ರೆ ಆವತ್ತಿಂದ ನಾನು ಗ್ಯಾಸ್ ಬಂದ್ ಮಾಡಿದ್ರೆ ಹಿಂದೆಯೇ ಹೋಗಿ ಒಂದು ಸಲ ನೋಡ್ತಾರೆ. ಬಾಗಿಲು ಹಾಕಿದ್ರೆ ಎಳೆದು ನೋಡ್ತಾರೆ. ನನಗೆ ಗೊತ್ತಾಗಬಾರ್ದು ಅಂತ ನಾನು ಆಚೆ ಹೋಗುವವರೆಗೆ ಕಾಯ್ತಾರೆ. ನನಗೆ ಗೊತ್ತಾಗ್ತದೆ. ಹನ್ನೊಂದು ವರ್ಷ. ಈಗ ನಾನೂ ನೋಡ್ತೇನೆ, ಎರಡೆರಡು ಸಲ. ಇಲ್ಲಿಯವರು ನಗಾಡ್ತಾರೆ."

ಇಪ್ಪತ್ತು ವರ್ಷದಲ್ಲಿ ಒಂದೂ ಬೀಡಿ ಬಿಸಾಡಿಸಿಕೊಳ್ಳದ ಅಮ್ಮಣಿ, ಮಗನೇ ಬಿಸಾಡಿಸಿಕೊಂಡು ಬಂದಾಗ ಯಾರ ಹತ್ತಿರ ಏನು ಹೇಳಿಯಾರು? ಫಸೀಲಾಳಿಗೆ ಅವರನ್ನು ಕಂಡೇ ಗೊತ್ತಿಲ್ಲ. ಆದರೆ ಹೊಸ್ತಿಲ ಮರೆಯಲ್ಲಿ ನಿಂತು ಮಗನ ಹೆಜ್ಜೆ ದೂರವಾಗುವುದನ್ನು ಕಾಯುತ್ತಿರುವ ಒಬ್ಬ ಹೆಂಗಸು ಕಣ್ಣಿಗೆ ಕಟ್ಟಿದರು. ತನ್ನ ಎದೆಯ ಕುತ್ತ ತನ್ನೊಬ್ಬಳದೆಂದು ಇಷ್ಟು ವರ್ಷ ಅದನ್ನು ಮುದ್ದು ಮಾಡಿಕೊಂಡು ಇಟ್ಟುಕೊಂಡಿದ್ದಳಲ್ಲ, ಅದು ವರ್ಕಾಡಿಯ ಒಂದು ಮನೆಯ ಗ್ಯಾಸಿನ ಒಲೆಯವರೆಗೂ ಹೋಗಿ ಮುಟ್ಟಿದೆ ಎಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

"ನಾನು ಬಂದು ಹೇಳ್ತೇನೆ ಅವ್ರಿಗೆ," ಎಂದಳು. "ಭಾನುವಾರ ಬರ್ತೇನೆ. ಮನೆಗೇ ಬರ್ತೇನೆ."

"ಭಾನುವಾರ ಅಂದ್ರೆ ನೀನು ಬರೋದಿಲ್ಲ." ಅದನ್ನು ಅವನು ಚುಚ್ಚಲು ಹೇಳಲಿಲ್ಲ, ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದ. ಎದ್ದು ಯಂತ್ರದ ಸ್ವಿಚ್ಚು ಆರಿಸಿದ. ಕೆಂಪು ದೀಪ ಹೋಯಿತು. ಮೊಬೈಲು ತೆಗೆದು, ಅಮ್ಮನ ನಂಬರು ಒತ್ತಿ, ತನ್ನ ಕಿವಿಗೆ ಇಟ್ಟುಕೊಳ್ಳದೆ ಅವಳ ಕೈಗೆ ಕೊಟ್ಟ.

ಅವಳು ಅದನ್ನು ಕಿವಿಗಿಟ್ಟುಕೊಂಡಳು. ಕಿವಿಯಲ್ಲಿ ಗಂಟೆ ಹೊಡೆಯತೊಡಗಿತು. ಎತ್ತದಿರಲಿ ಎಂದು ಒಂದು ಸಲ ಬೇಡಿಕೊಂಡಳು, ಹಾಗೆ ಬೇಡಿಕೊಂಡದ್ದಕ್ಕೆ ಹೇಸಿಕೊಂಡಳು. ಫೋನು ಎತ್ತಿದ ಮುದಿ ದನಿ ಹಲೋ ಎನ್ನಲಿಲ್ಲ. ಮಗನೇ ಎಂದುಕೊಂಡು ತುಳುವಿನಲ್ಲಿ ನೇರ ಕೇಳಿತು.

"ಸುಕು, ಮಿಶಿನ್ ಬಂದ್ ಮಾಡಿದೆಯಾ? ಒಂದು ಸಲ ಹೋಗಿ ನೋಡು ಮಗಾ."

ಫಸೀಲಾ ಆರಿದ ದೀಪದ ಕಡೆ ನೋಡಿದಳು. ಸುಕುಮಾರನೂ ಆ ಕಡೆಯೇ ನೋಡುತ್ತಿದ್ದ. ಅವನಿಗೆ ಮಾತು ಕೇಳಿಸಿರಲಿಕ್ಕಿಲ್ಲ, ಆದರೆ ಏನು ಕೇಳಿದರೆಂದು ಗೊತ್ತಿತ್ತು.

"ಬಂದ್ ಮಾಡಿದ್ದಾನೆ ಅಮ್ಮಾ," ಎಂದಳು ಅವಳೂ ತುಳುವಿನಲ್ಲಿ. "ನಾನು ಫಸೀಲಾ, ಮೊಗ್ರಾಲಿನವಳು. ಅವನ ಒಟ್ಟಿಗೆ ಓದಿದವಳು."

ಆ ಕಡೆ ಬೀಡಿಯ ಎಲೆ ಕತ್ತರಿಸುತ್ತಿದ್ದ ಕತ್ತರಿ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅಮ್ಮಣಿ ದನಿ ತಗ್ಗಿಸಿ, ಯಾರಾದರೂ ಕೇಳಿಸಿಕೊಂಡಾರು ಎಂಬ ಹಾಗೆ, "ಅವನಿಂದ ಎಂತಾದ್ರೂ ತಪ್ಪಾಯ್ತಾ ಮಗಾ?" ಎಂದರು.

"ಇಲ್ಲ ಅಮ್ಮಾ," ಎಂದಳು ಫಸೀಲಾ. "ಅವನಿಂದ ತಪ್ಪಾಗ್ಲಿಲ್ಲ. ಆವತ್ತೂ ಆಗಿರ್ಲಿಲ್ಲ."